ಮಹಾಬಲನ ನೆಲೆಯೂ ಕನ್ನಡಿಗರ ಐಕ್ಯವೂ
(ಲೋಕಾಪುರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಘಟಪ್ರಭೆಯ ನೀರು ಕೃಷ್ಣೆಯನ್ನು ಕೂಡಿ ಮೂಡಣ ಕಡಲಿಗೆ ಹರಿಯುತ್ತದೆ. ನಮ್ಮ ಸೀಮೆಯ ಯಾತ್ರಿಕರಾದರೋ ಘಟ್ಟವನ್ನಿಳಿದು ಪಡುವಣ ಕಡಲ ಗೋಕರ್ಣಕ್ಕೆ ನಡೆಯುತ್ತ ಬಂದಿದ್ದಾರೆ. ಇದರಲ್ಲಡಗಿದ ಅರ್ಥವನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಕ್ಷೇತ್ರದ ಕಥೆ ತಮಗೆಲ್ಲ ಗೊತ್ತಿದ್ದುದೇ. ತಾಯಿಯ ಪೂಜೆಗೆಂದು ರಾವಣನು ತಪಸ್ಸು ಮಾಡಿ ಶಿವನಿಂದ ಆತ್ಮಲಿಂಗವನ್ನು ಪಡೆದನು. ಅದನ್ನು ನೆಲಕ್ಕಿಡಬಾರದೆಂಬುದು ಕಟ್ಟಳೆ. ವಿಷ್ಣುವು ಚಕ್ರದಿಂದ ಸೂರ್ಯನನ್ನು ಮರೆಮಾಡಲು, ಸಂಜೆಯಾಯಿತೆಂದು ಬಗೆದ ರಾವಣನು ಲಿಂಗವನ್ನು ವಟುವೇಷದ ಗಣಪತಿಯ ಕೈಗಿತ್ತು ಸಂಧ್ಯಾವಂದನೆಗೆ ಹೋದನು. ವಟುವು ಮೂರು ಸಾರೆ ಕೂಗಿ ಲಿಂಗವನ್ನು ನೆಲಕ್ಕಿಟ್ಟುಬಿಟ್ಟನು. ರಾವಣನು ಬಲವೆಲ್ಲವನ್ನೂ ಹಾಕಿ ಎಳೆದರೂ ಅದು ಏಳಲಿಲ್ಲ. ಹಸುವಿನ ಕಿವಿಯಂತೆ ತಿರುಚಿಕೊಂಡಿತು. ಆದುದರಿಂದ ಊರು ಗೋಕರ್ಣ, ದೇವನು ಮಹಾಬಲೇಶ್ವರ. ಭೂಮಿಯೆಂಬ ಗೋವಿನ ಕಿವಿಯಿಂದ ಶಿವನು ಮೂಡಿಬಂದನೆಂಬ ಇನ್ನೊಂದು ಐತಿಹ್ಯವೂ ಉಂಟು.

ಸಿಟ್ಟಿಗೆದ್ದ ರಾವಣನು ಎಸೆದ ಸಂಪುಟವು ಕಾರವಾರದ ಬಳಿ ಸಜ್ಜೇಶ್ವರವಾಯಿತು. ಮುಚ್ಚಳವು ಹೊನ್ನಾವರ ಸೀಮೆಯ ಗುಣವಂತೆಯಲ್ಲಿ, ದಾರವು ಕುಮಟೆಯ ಬಳಿಯ ಧಾರೇಶ್ವರದಲ್ಲಿ, ವಸ್ತ್ರವು ಭಟ್ಕಳ ಸೀಮೆಯ ಮುರುಡೇಶ್ವರದಲ್ಲಿ ಬಿದ್ದವು. ಒಂದು ಕಥೆಯ ಎಳೆಯಿಂದ ಕಾರವಾರದಿಂದ ಭಟ್ಕಳದ ವರೆಗಿನ ಕರಾವಳಿಯನ್ನೆಲ್ಲ ಹಿರಿಯರು ಪೋಣಿಸಿದ್ದಾರೆ. ಭೂಗೋಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಕಾಶೆ ಬೇಕೆ?

ಅಲ್ಲಿ ನೋಡತಕ್ಕವು ಹಲವು. ಕಡಲಲ್ಲಿಯೂ ಕೋಟಿತೀರ್ಥದಲ್ಲಿಯೂ ಮಿಂದು, ಮೊದಲು ಮಹಾಗಣಪತಿಯನ್ನು ಕಂಡು, ಬಳಿಕ ಮಹಾಬಲೇಶ್ವರನ ಸನ್ನಿಧಿಗೆ ಹೋಗುವುದು ವಾಡಿಕೆ. ಗಣಪತಿಯು ದ್ವಿಭುಜನು, ನಿಂತವನು. ಆತನ ತಲೆಯ ಮೇಲಿನ ಕುಳಿಯನ್ನು ರಾವಣನ ಗುದ್ದಿನ ಗುರುತೆನ್ನುತ್ತಾರೆ. ಲಿಂಗದ ತುದಿಯು ಪೀಠದ ರಂಧ್ರದೊಳಗಿದೆ. ಶಿವರಾತ್ರಿಯ ರಥೋತ್ಸವಕ್ಕೆ ಜನ ಕಿಕ್ಕಿರಿಯುತ್ತದೆ. ಕ್ಷೇತ್ರದ ಪ್ರಾಚೀನತೆಗೆ ಕಾಳಿದಾಸನೇ ಸಾಕ್ಷಿ: ರಘುವಂಶದ ಎಂಟನೆಯ ಸರ್ಗದಲ್ಲಿ ನಾರದನು ಹೊರಟದ್ದು ಗೋಕರ್ಣದ ಈಶ್ವರನ ಸೇವೆಗಾಗಿಯೇ.

ಇನ್ನು ನಾಡಿನ ಮಾತು. 1862ರಲ್ಲಿ ಸರಕಾರದವರು ಉತ್ತರ ಕನ್ನಡವನ್ನು ಮುಂಬಯಿ ಇಲಾಖೆಗೆ ಸೇರಿಸಿದರು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಮುಧೋಳ, ಜಮಖಂಡಿಗಳು 1948ರ ವರೆಗೆ ಸಂಸ್ಥಾನಗಳಾಗಿದ್ದವು. ಮೈಸೂರಿನವರಿಗೆ ಬೇರೆ ಅರಸರು, ರಾಯಚೂರಿನವರಿಗೆ ನಿಜಾಮರು. ಆದರೂ ಕೋಟಿತೀರ್ಥದ ಮೆಟ್ಟಿಲ ಮೇಲೆ ಕೂಡಿದಾಗ ಇವರೆಲ್ಲರ ನುಡಿ ಒಂದೇ ಆಗಿತ್ತು. ಕಚೇರಿಗಳು ಒಡೆದುದನ್ನು ಯಾತ್ರೆಯು ಬೆಸೆಯಿತು.

1956ರ ನವೆಂಬರ 1ರಂದು ನಕಾಶೆಯೂ ಒಂದಾಯಿತು. ಕಾಸರಗೋಡು ಹೊರಗುಳಿಯಿತು. ಆದರೆ ಒಂದಾದ ನಕಾಶೆ ಒಂದಾದ ಮನಸ್ಸಲ್ಲ. ಬಯಲುಸೀಮೆಯ ಹುಡುಗನಿಗೆ ಕರಾವಳಿಯ ಕಷ್ಟ ತಿಳಿಯದಿದ್ದರೆ, ಕರಾವಳಿಯವನಿಗೆ ನಮ್ಮ ಬರಗಾಲ ತಿಳಿಯದಿದ್ದರೆ, ಏಕೀಕರಣವು ಕಾಗದದ ಮೇಲಣ ಮಾತಾದೀತು. ಉಪಾಧ್ಯಾಯ ಬಂಧುಗಳೆ, ತಮ್ಮ ಮಕ್ಕಳನ್ನು ಒಮ್ಮೆ ಗೋಕರ್ಣಕ್ಕೆ ಕರೆದೊಯ್ಯಿರಿ. ಗುಡಿಯನ್ನಷ್ಟೇ ಅಲ್ಲ, ಅಲ್ಲಿಯ ಬೆಸ್ತರನ್ನೂ ಒಕ್ಕಲಿಗರನ್ನೂ ತೋರಿಸಿರಿ. ತೀರವನ್ನು ಹೊಲಸು ಮಾಡದೆ ಬರುವುದನ್ನು ಕಲಿಸಿರಿ.

ಹತ್ತು ತಲೆಯವನ ಬಲಕ್ಕೂ ಅಲುಗದ ನೆಲೆ ಅದು. ನಮ್ಮ ಐಕ್ಯವೂ ಹಾಗೆಯೇ ನೆಲೆಯೂರಲಿ. ಕರ್ನಾಟಕ ಮಾತೆಗೆ ಜಯವಾಗಲಿ!