ತೆನೆಹಬ್ಬದ ದಿನ ಹಿರಿಯರನ್ನು ಗಮನಿಸೋಣ



ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮೋತ್ಸವ. ಕರಾವಳಿಯ ನಾವು ಹೊಸ ತೆನೆಯ ಊಟಕ್ಕೆ ಹಿರಿಯರ ಮನೆಯಲ್ಲಿ ಸೇರುತ್ತೇವೆ. ಈ ದಿನ ಅವರನ್ನು ತುಸು ಗಮನಿಸೋಣ.

ಕನ್ನಡಕ ಎಲ್ಲಿಟ್ಟೆನೆಂದು ಆಗಾಗ ಮರೆಯುವುದು ವಯಸ್ಸಿಗೆ ಸಹಜ. ಆದರೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಕೈಪಳಗಿದ ಅಡುಗೆಯ ಕ್ರಮವೇ ತಪ್ಪುವುದು, ದಿನವೂ ನಡೆದ ಚರ್ಚಿನ ದಾರಿಯಲ್ಲಿ ಗಲಿಬಿಲಿಗೊಳ್ಳುವುದು, ಜನರಿಂದ ದೂರ ಸರಿಯುವುದು ಡಿಮೆನ್ಶಿಯಾದ ಮೊದಲ ಸೂಚನೆಗಳಿರಬಹುದು.

‘ಅಜ್ಜಿಗೆ ಅರಳುಮರಳು’ ಎಂದು ನಗುವುದು ಬೇಡ, ವೈದ್ಯರಲ್ಲಿಗೆ ಕರೆದೊಯ್ಯೋಣ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಡಿಮೆನ್ಶಿಯಾವೇ ಆಗಿದ್ದರೂ, ಬೇಗ ತಿಳಿದರೆ ಮುಂದಿನ ಆರೈಕೆ ಹೇಗಿರಬೇಕೆಂದು ಅವರ ಬಾಯಿಂದಲೇ ಕೇಳಿ ತಿಳಿಯಬಹುದು.

ತಂದೆತಾಯಿಯರನ್ನು ಗೌರವಿಸಬೇಕೆಂಬ ಕಟ್ಟಳೆಯನ್ನು ನಾವು ಪಾಲಿಸುವುದು ಹೀಗೆಯೇ. ದೇವರು ನಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.