ಮುಪ್ಪಿನಲ್ಲೂ ಕಲಿಯುವ ಮಿದುಳು



ನಮ್ಮ ಲೈನ್ ಮನೆಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತಿದೆ: “ಅಜ್ಜಿಗೆ ವಯಸ್ಸಾಯಿತು, ಇನ್ನು ಅವಳಿಗೇನು ತಿಳಿಯುತ್ತದೆ, ಬಿಡು.” ಮೂವತ್ತು ನಲವತ್ತು ವರ್ಷ ಟೀ ಸೊಪ್ಪು ಕಿತ್ತು, ನಮ್ಮನ್ನು ಸಾಕಿ ಬೆಳೆಸಿದ ತಾಯಿಯನ್ನು ಕೆಲಸದಿಂದ ನಿಂತ ಮರುದಿನವೇ ಮೂಲೆಗೆ ಕೂರಿಸಿಬಿಡುತ್ತೇವೆ. ಸಾಮಾನು ಏನು ತರಬೇಕೆಂದು ಅವಳನ್ನು ಕೇಳುವುದಿಲ್ಲ. ಮೊಮ್ಮಗಳ ಮದುವೆಯ ಮಾತಿಗೂ ಕರೆಯುವುದಿಲ್ಲ. ಇದು ಸರಿಯೇ? ಇವತ್ತು ಇದನ್ನೇ ಯೋಚಿಸೋಣ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಕೊಂಡಿಗಳಿವೆ. ಹೊಸದನ್ನು ಕಲಿತಾಗ ಈ ಕೊಂಡಿಗಳು ಬಲಗೊಳ್ಳುತ್ತವೆ, ಬಳಸದಿದ್ದರೆ ಸಡಿಲವಾಗುತ್ತವೆ. ತೋಟದ ಕಾಲುದಾರಿಯೂ ಹೀಗೆಯೇ ಅಲ್ಲವೇ? ದಿನವೂ ನಡೆದರೆ ದಾರಿ ಉಳಿಯುತ್ತದೆ. ನಡೆಯುವುದು ಬಿಟ್ಟರೆ ಒಂದೇ ಮಳೆಗಾಲಕ್ಕೆ ಕಳೆ ಮುಚ್ಚುತ್ತದೆ.

ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುವುದು ನಿಜ. ಹೆಸರುಗಳು ಬೇಗ ನಾಲಿಗೆಗೆ ಬರುವುದಿಲ್ಲ. ಹೊಸದನ್ನು ಕಲಿಯಲು ಹೆಚ್ಚು ಹೊತ್ತು ಬೇಕು. ಆದರೆ ಕಲಿಯುವ ಶಕ್ತಿ ಸಾಯುವುದಿಲ್ಲ. 2008ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಸುಮಾರು ಅರವತ್ತರ ಪ್ರಾಯದವರು ಮೂರು ತಿಂಗಳು ಮೂರು ಚೆಂಡುಗಳನ್ನು ಎಸೆದು ಹಿಡಿಯುವ ಆಟ ಕಲಿತರು. ಎಲ್ಲರಿಗೂ ಅದು ಕೈಗೂಡಲಿಲ್ಲ. ಕಲಿತವರ ಮಿದುಳಿನಲ್ಲಿ ಮಾತ್ರ ಕೆಲವು ಭಾಗಗಳು ಬೆಳೆದಿದ್ದವು. ಆಟ ಬಿಟ್ಟ ಮೇಲೆ ಆ ಬೆಳವಣಿಗೆ ಮತ್ತೆ ಇಳಿಯಿತು.

ಚೆಂಡಿನ ಆಟ ನಮಗೇಕೆ ಎನ್ನುವಿರಾ? ಹಾಗಾದರೆ ಹೈದರಾಬಾದಿನ ಸಂಗತಿ ಕೇಳಿ. ಅಲ್ಲಿ ಮರೆವಿನ ಕಾಯಿಲೆಯ 648 ರೋಗಿಗಳನ್ನು ಡಾ. ಸುವರ್ಣಾ ಅಲ್ಲಾಡಿಯವರೂ ಅವರ ಸಂಗಡಿಗರೂ ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು! ಎಲ್ಲ ದೇಶಗಳ ಅಧ್ಯಯನಗಳೂ ಇದನ್ನೇ ಹೇಳುವುದಿಲ್ಲ. ಭಾಷೆ ಬಂದವರಿಗೆ ಕಾಯಿಲೆಯೇ ಬಾರದೆಂದೂ ಅಲ್ಲ. ಆದರೂ ಮನೆಯಲ್ಲಿ ಕನ್ನಡ, ತೋಟದಲ್ಲಿ ತಮಿಳು, ಸಂತೆಯಲ್ಲಿ ಮಲಯಾಳ ಆಡುವ ನಮ್ಮ ಅಜ್ಜಿಯನ್ನು ಇನ್ನು ಮೇಲೆ “ಏನೂ ತಿಳಿಯದವಳು” ಎನ್ನಬಹುದೇ?

ಇನ್ನೊಂದು ಮುಖ್ಯ ಮಾತು. ಎಲ್ಲ ಮರೆವಿಗೂ ವಯಸ್ಸೇ ಕಾರಣವಲ್ಲ. ಕಿವಿ ಮಂದವಾದರೆ ಮನುಷ್ಯ ಮಾತಿನಿಂದ ದೂರ ಸರಿಯುತ್ತಾನೆ. ನಾವು ಬುದ್ಧಿ ಹೋಯಿತೆನ್ನುತ್ತೇವೆ. ಲ್ಯಾನ್ಸೆಟ್ ವೈದ್ಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ನಾವು ತಡೆಯಬಹುದಾದ 14 ಸಂಗತಿಗಳನ್ನು ಹೆಸರಿಸಿತು. ಕಿವುಡು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಅತಿಯಾದ ಕುಡಿತ, ಒಂಟಿತನ ಇವೆಲ್ಲ ಅದರಲ್ಲಿವೆ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ದೊಡ್ಡದಲ್ಲ. ದಿನ ನಡೆದ ದಾರಿಯಲ್ಲೇ ಮನೆ ತಪ್ಪಿದರೆ ಡಾಕ್ಟರಿಗೆ ತೋರಿಸಬೇಕು. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಹಿರಿಯರೇ, ನೀವೂ ಮೂಲೆ ಹಿಡಿಯಬೇಡಿ. ನಡೆಯಿರಿ, ಹಾಡಿರಿ, ಮೊಮ್ಮಕ್ಕಳಿಂದ ಅಕ್ಷರ ಕಲಿಯಿರಿ. ಮಕ್ಕಳೇ, ಹಳೆಯ ಕಥೆಯನ್ನು ಅಜ್ಜ ಮತ್ತೊಮ್ಮೆ ಹೇಳಿದರೆ ಮತ್ತೊಮ್ಮೆ ಕೇಳಿ. ಇಂದು ಸಂಜೆ ಮನೆಗೆ ಹೋದಮೇಲೆ ನಾವೆಲ್ಲರೂ ಒಂದು ಕೆಲಸ ಮಾಡೋಣ: ಮೂಲೆಯಲ್ಲಿ ಕುಳಿತಿರುವ ಅಜ್ಜಿಯ ಬಳಿ ಕುಳಿತು, “ಅಜ್ಜಿ, ಈ ವಿಷಯದಲ್ಲಿ ನೀನೇನು ಹೇಳುತ್ತೀ?” ಎಂದು ಕೇಳೋಣ. ಉತ್ತರ ನಿಧಾನವಾಗಿ ಬಂದೀತು. ಕಾಯೋಣ.