ಪಂದ್ಯಾಟದ ಸುದ್ದಿಯಲ್ಲಿ ಪಂದ್ಯ ಎಲ್ಲಿದೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಗಣ್ಯರ ಹೆಸರನ್ನು ಒಬ್ಬೊಬ್ಬರದ್ದಾಗಿ ಹೇಳಿಲ್ಲ ಎಂದು ಯಾರೂ ಬೇಸರಿಸಬಾರದು. ಆ ಹೆಸರುಗಳೆಲ್ಲ ನಾಳೆ, ನಾಡಿದ್ದು ಪತ್ರಿಕೆಯಲ್ಲಿ ತಪ್ಪದೆ ಬರುತ್ತವೆ. ಬಾರದೇ ಹೋಗುವ ಹೆಸರುಗಳ ಬಗ್ಗೆ ಮಾತನಾಡಬೇಕೆಂದು ನಾನು ಬಂದಿದ್ದೇನೆ.

ಪುತ್ತೂರು, ಸುಳ್ಯ, ಕಡಬ ಎಂಬ ನಮ್ಮ ಮೂರೂ ತಾಲೂಕುಗಳಲ್ಲಿ ಮಳೆ ನಿಂತು ಗದ್ದೆ ಒಣಗಿತೆಂದರೆ ಪಂದ್ಯಾಟಗಳ ಕಾಲ. ಶನಿವಾರ ರಾತ್ರಿ ಯಾವ ದಾರಿಯಲ್ಲಿ ಹೋದರೂ ಒಂದು ಕಡೆ ಹೊನಲು ಬೆಳಕಿನ ಕಬಡ್ಡಿ, ಮುಂದಿನ ತಿರುವಿನಲ್ಲಿ ವಾಲಿಬಾಲ್, ಇನ್ನೂ ಮುಂದೆ ಅಂಡರ್ ಆರ್ಮ್ ಕ್ರಿಕೆಟ್, ಹಗ್ಗಜಗ್ಗಾಟ. ಹಗಲು ಅಡಿಕೆ ಸುಲಿದು, ರಬ್ಬರ್ ಟ್ಯಾಪಿಂಗ್ ಮಾಡಿ, ಮೀನಿನ ಗಾಡಿ ಓಡಿಸಿ, ಕಾಲೇಜಿಗೆ ಹೋಗಿ ಬಂದ ಹುಡುಗರು ರಾತ್ರಿ ಎರಡು ಗಂಟೆಗೆ ಅಂಕಣದಲ್ಲಿ ರೈಡ್ ಮಾಡುವುದನ್ನು ಸಾವಿರಾರು ಜನ ನಿಂತು ನೋಡುತ್ತಾರೆ. ಎರಡು ದಿನ ಬಿಟ್ಟು ಅದರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಬರುವುದಿಲ್ಲ ಎಂದು ನಾನು ಹೇಳಲಾರೆ. ಖಂಡಿತ ಬರುತ್ತದೆ. ಆದರೆ ಹೇಗೆ ಬರುತ್ತದೆ?

ಇಂತಹ ಗೆಳೆಯರ ಬಳಗದ ಆಶ್ರಯದಲ್ಲಿ ಪುರುಷರ ಮುಕ್ತ ಕಬಡ್ಡಿ ಪಂದ್ಯಾಟ ಇಂತಹ ಮೈದಾನದಲ್ಲಿ ಜರಗಿತು. ಇಂತಹವರು ತೆಂಗಿನಕಾಯಿ ಒಡೆದು ಅಂಕಣ ಉದ್ಘಾಟಿಸಿದರು. ಇಂತಹವರು ಅಧ್ಯಕ್ಷತೆ ವಹಿಸಿದ್ದರು. ಮುಖ್ಯ ಅತಿಥಿಗಳಾಗಿ ಹದಿನಾಲ್ಕು ಮಂದಿ ಉಪಸ್ಥಿತರಿದ್ದರು. ಕ್ರೀಡೆಯಿಂದ ಸೌಹಾರ್ದ ಬೆಳೆಯುತ್ತದೆ ಎಂದು ಒಬ್ಬರು ನುಡಿದರು. ಒಬ್ಬರು ಸ್ವಾಗತಿಸಿದರು, ಒಬ್ಬರು ವಂದಿಸಿದರು, ಒಬ್ಬರು ನಿರೂಪಿಸಿದರು. ಕೊನೆಯ ಸಾಲಿನಲ್ಲಿ, ಜಾಗ ಉಳಿದಿದ್ದರೆ, ಪ್ರಥಮ ಇಂತಹ ತಂಡ, ದ್ವಿತೀಯ ಇಂತಹ ತಂಡ.

ಫೈನಲ್ ಎಷ್ಟು ಅಂಕಗಳಿಂದ ಮುಗಿಯಿತು? ವಿರಾಮದ ವೇಳೆಗೆ ಯಾರು ಮುಂದಿದ್ದರು? ಯಾರು ಆಲೌಟ್ ಆದರು? ಕೊನೆಯ ರೈಡಿನಲ್ಲಿ ಪಾಯಿಂಟ್ ತಂದ ಹುಡುಗ ಯಾರು? ಅವನನ್ನು ಹಿಡಿದವನು ಯಾರು? ಒಂದಕ್ಕೂ ಉತ್ತರವಿಲ್ಲ. ಮದುವೆ ಸುದ್ದಿಯಲ್ಲಿ ಪಂದಲಿನವರ, ಮೈಕಿನವರ, ಅಡುಗೆಯವರ ಹೆಸರು ಬರೆದು ವರನ ಹೆಸರನ್ನು ಬಿಟ್ಟ ಹಾಗೆ.

ಅದೇ ಪತ್ರಿಕೆಯ ಕ್ರೀಡಾ ಪುಟಕ್ಕೆ ಬನ್ನಿ. ಆಸ್ಟ್ರೇಲಿಯದ ಯಾವುದೋ ಊರಿನಲ್ಲಿ ನಡೆದ ಕ್ರಿಕೆಟ್ ಪಂದ್ಯದಲ್ಲಿ ಹನ್ನೊಂದನೆಯ ಆಟಗಾರ ಎಷ್ಟು ಎಸೆತ ಎದುರಿಸಿದ, ಬೈ ಎಷ್ಟು, ಲೆಗ್‌ಬೈ ಎಷ್ಟು, ಯಾವ ವಿಕೆಟ್ ಎಷ್ಟು ರನ್ನಿಗೆ ಬಿತ್ತು, ಎಲ್ಲವೂ ಅಚ್ಚುಕಟ್ಟಾಗಿ ಇರುತ್ತದೆ. ಕ್ರಿಕೆಟ್ ನನಗೂ ಇಷ್ಟ. ಆ ವಿವರ ಕೊಡುವುದು ತಪ್ಪು ಎಂದು ಹೇಳುತ್ತಿಲ್ಲ. ವಿವರ ಕೊಡಲು ನಮ್ಮ ಪತ್ರಿಕೆಗಳಿಗೆ ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ ಎನ್ನುತ್ತಿದ್ದೇನೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಕಬಡ್ಡಿಯ ರೈಡ್ ಪಾಯಿಂಟ್, ಟ್ಯಾಕಲ್ ಪಾಯಿಂಟ್, ಬೋನಸ್, ಸೂಪರ್ ಟ್ಯಾಕಲ್ ಎಲ್ಲವೂ ಪುಟಗಳಲ್ಲಿ ಬಂದವು. ನಮ್ಮ ಪುತ್ತೂರಿನವರೇ ಆದ ಪ್ರಶಾಂತ್ ಕುಮಾರ್ ರೈ 2022ರ ಫೆಬ್ರವರಿಯಲ್ಲಿ ಪಟ್ನಾ ಪೈರೇಟ್ಸ್ ತಂಡದ ನಾಯಕರಾಗಿ ಫೈನಲ್ ಆಡಿದರು. ತಂಡ ದಬಂಗ್ ಡೆಲ್ಲಿಗೆ 36-37ರಲ್ಲಿ, ಒಂದೇ ಒಂದು ಅಂಕದಿಂದ ಸೋತಿತು. ಆ ಒಂದು ಅಂಕ ಎಂದೆಂದಿಗೂ ದಾಖಲೆಯಲ್ಲಿದೆ. ನಮ್ಮ ಊರಿನ ಅಂಕಣಗಳಲ್ಲಿ ಒಂದು ಅಂಕದಿಂದ ಸೋತವರ, ಗೆದ್ದವರ ಲೆಕ್ಕವನ್ನು ಯಾವ ಪತ್ರಿಕೆಯ ಹಳೆಯ ಕಟ್ಟಿನಲ್ಲಿ ಹುಡುಕಬೇಕು?

ಕಾರ್ಕಳ ಕಡೆಯ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ಮಹಿಳಾ ತಂಡದ ನಾಯಕಿಯಾಗಿ 2012ರಲ್ಲಿ ಪಟ್ನಾದಲ್ಲಿ ವಿಶ್ವಕಪ್ ಗೆದ್ದರು. 2010 ಮತ್ತು 2014ರ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆಗ ಪತ್ರಿಕೆಗಳು ಬರೆದವು, ಬರೆಯಲೇಬೇಕಿತ್ತು. ಆದರೆ ಹಳ್ಳಿಯ ಹುಡುಗಿಯ ಹೆಸರು ಪತ್ರಿಕೆಗೆ ಬರಲು ವಿಶ್ವಕಪ್ಪೇ ಬರಬೇಕೆ? ಶಾಲಾ ಕ್ರೀಡಾಕೂಟದಲ್ಲಿ ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಎಷ್ಟು ಮೆಟ್ಟಿಲುಗಳಿವೆ. ತಾಲೂಕು ಮೆಟ್ಟಿಲಿನಲ್ಲೇ ನಿಂತುಹೋಗುವ ನೂರಾರು ಮಕ್ಕಳಿಗೆ ಅದೇ ಅವರ ವಿಶ್ವಕಪ್.

ಆ ಮಕ್ಕಳ ಸುದ್ದಿ ಹೇಗೆ ಬರುತ್ತದೆಂದು ನಿಮಗೆಲ್ಲ ಗೊತ್ತಿದೆ. ಶಾಲೆಯ ತಂಡ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದೆ. ಮುಖ್ಯ ಶಿಕ್ಷಕರ ಮಾರ್ಗದರ್ಶನದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ತರಬೇತಿ ನೀಡಿರುತ್ತಾರೆ. ಸಂಚಾಲಕರು ಅಭಿನಂದಿಸಿದ್ದಾರೆ. ಮೇಲೆ ಒಂದು ಫೋಟೋ. ಫೋಟೋದಲ್ಲಿ ಹನ್ನೆರಡು ಮಕ್ಕಳು, ಕೆಳಗೆ ಒಂದೂ ಹೆಸರಿಲ್ಲ.

ಇದಕ್ಕೆ ಪತ್ರಿಕೆಯವರನ್ನು ಮಾತ್ರ ದೂರಿದರೆ ನ್ಯಾಯವಾಗುವುದಿಲ್ಲ. ಕ್ರಿಕೆಟ್ಟಿನ ಸ್ಕೋರು ಸುದ್ದಿಸಂಸ್ಥೆಯಿಂದ ಸಿದ್ಧವಾಗಿ ಕಂಪ್ಯೂಟರಿಗೆ ಬಂದು ಬೀಳುತ್ತದೆ. ನಮ್ಮೂರಿನ ಫೈನಲ್ ಮುಗಿಯುವುದು ಬೆಳಗಿನ ಜಾವ. ಆ ಹೊತ್ತಿಗೆ ಪತ್ರಿಕೆ ಅಚ್ಚಾಗಿ ವ್ಯಾನು ಹೊರಟಿರುತ್ತದೆ. ತಾಲೂಕಿನ ವರದಿಗಾರರೆಂದರೆ ಬಹುತೇಕ ಸಣ್ಣ ಗೌರವಧನಕ್ಕೆ ದುಡಿಯುವವರು. ಪಂಚಾಯತ್ ಸಭೆ, ಅಪಘಾತ, ಆನೆ ದಾಳಿ, ಬ್ರಹ್ಮಕಲಶ, ಉರೂಸ್, ಎಲ್ಲವನ್ನೂ ಅವರೊಬ್ಬರೇ ಬರೆಯಬೇಕು. ಅವರು ರಾತ್ರಿಯಿಡೀ ಅಂಕಣದ ಬದಿಯಲ್ಲಿ ಕೂರುವುದು ಸಾಧ್ಯವೇ? ಹಾಗಾಗಿ ಸಂಘಟಕರು ಕಳುಹಿಸಿದ ಪ್ರಕಟಣೆಯೇ ವರದಿಯಾಗುತ್ತದೆ. ಆ ಪ್ರಕಟಣೆಯನ್ನು ಬರೆಯುವವರು ನಮ್ಮವರೇ. ದೇಣಿಗೆ ಕೊಟ್ಟವರ ಹೆಸರು ಬಿಟ್ಟರೆ ಮುಂದಿನ ವರ್ಷ ಟ್ರೋಫಿಗೆ ಜನ ಸಿಗುವುದಿಲ್ಲ ಎಂಬ ಭಯ. ಆಟಗಾರನ ಹೆಸರು ಬಿಟ್ಟರೆ ಕೇಳುವವರಿಲ್ಲ.

ಇನ್ನೊಂದು ತೊಂದರೆಯೂ ಇದೆ. ಪತ್ರಿಕೆಗಳು ತಾಲೂಕುವಾರು ಪುಟಗಳನ್ನು ಮಾಡಿದ ಮೇಲೆ ಸುಳ್ಯದ ಸುದ್ದಿ ಸುಳ್ಯದವರಿಗೆ, ಪುತ್ತೂರಿನ ಸುದ್ದಿ ಪುತ್ತೂರಿನವರಿಗೆ. ಕಡಬದ ಒಬ್ಬ ಒಳ್ಳೆಯ ಡಿಫೆಂಡರ್‌ನ ಬಗ್ಗೆ ನಾಲ್ಕು ಸಾಲು ಬಂದರೂ ಮಂಗಳೂರಿನಲ್ಲಿ ತಂಡ ಕಟ್ಟುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಬರೆಯದಿದ್ದರೆ ಏನಾಯಿತು, ಆಡಿದರೆ ಸಾಲದೇ ಎಂದು ಕೇಳಬಹುದು. ಅದಕ್ಕೆ ದೂರದ ಒಂದು ದೇಶದ ಉದಾಹರಣೆ ಕೊಡುತ್ತೇನೆ. ಅಮೆರಿಕದವರ ಬೇಸ್‌ಬಾಲ್ ನಮ್ಮಲ್ಲಿ ಹೆಚ್ಚಿನವರು ನೋಡದ ಆಟ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತ ಮೊದಲು ಕ್ರಿಕೆಟ್ ವರದಿ ಮಾಡುತ್ತಿದ್ದವರು. ಕ್ರಿಕೆಟ್ಟಿನ ಸ್ಕೋರುಪಟ್ಟಿಯ ಮಾದರಿಯಲ್ಲಿ ಬೇಸ್‌ಬಾಲಿಗೂ ಒಂದು ಪಟ್ಟಿಯನ್ನು 1859ರ ಸುಮಾರಿಗೆ ರೂಪಿಸಿದರು. ಅಂದಿನಿಂದ ಸಣ್ಣ ಊರಿನ ಪತ್ರಿಕೆಯೂ ಸಣ್ಣ ಪಂದ್ಯದ ಪಟ್ಟಿ ಹಾಕುವ ರೂಢಿ ಬೆಳೆಯಿತು.

ಆ ದೇಶದಲ್ಲಿ ಕಪ್ಪು ಜನರಿಗೆ ದೊಡ್ಡ ಲೀಗ್‌ಗಳಲ್ಲಿ ಆಡಲು ಬಿಡುತ್ತಿರಲಿಲ್ಲ. ಅವರು ತಮ್ಮದೇ ಲೀಗ್‌ಗಳನ್ನು ಕಟ್ಟಿ ಆಡಿದರು. ಜೋಶ್ ಗಿಬ್ಸನ್ ಎಂಬ ಮಹಾನ್ ಆಟಗಾರ ಅಲ್ಲೇ ಆಡಿ 1947ರ ಜನವರಿಯಲ್ಲಿ 35ನೇ ವಯಸ್ಸಿನಲ್ಲಿ ತೀರಿಹೋದ. ಅದೇ ವರ್ಷದ ಏಪ್ರಿಲ್‌ನಲ್ಲಿ ಜಾಕಿ ರಾಬಿನ್ಸನ್‌ಗೆ ದೊಡ್ಡ ಲೀಗಿನ ಬಾಗಿಲು ತೆರೆಯಿತು. ಮೂರೇ ತಿಂಗಳ ಅಂತರ. ಕಪ್ಪು ಜನರ ಲೀಗ್‌ಗಳ ಲೆಕ್ಕವನ್ನು ಅಧಿಕೃತ ಪುಸ್ತಕದವರು ಬಹುಕಾಲ ಸೇರಿಸಿಕೊಳ್ಳಲಿಲ್ಲ. ಆದರೆ ಆ ಸಮುದಾಯದ ಪತ್ರಿಕೆಗಳು ಪಂದ್ಯಗಳ ಪಟ್ಟಿ ಅಚ್ಚು ಮಾಡಿದ್ದವು. ಸಂಶೋಧಕರು ವರ್ಷಗಟ್ಟಲೆ ಕುಳಿತು ಆ ಹಳೆಯ ಪುಟಗಳಿಂದ ಅಂಕಿಗಳನ್ನು ಹೆಕ್ಕಿದರು. 2024ರ ಮೇ ತಿಂಗಳಲ್ಲಿ ಮೇಜರ್ ಲೀಗಿನವರು ಅದನ್ನು ಅಧಿಕೃತ ದಾಖಲೆಗೆ ಸೇರಿಸಿದರು. ಗಿಬ್ಸನ್‌ನ ಬ್ಯಾಟಿಂಗ್ ಸರಾಸರಿ .372. ಬಹಳ ಕಾಲ ಮೊದಲ ಸ್ಥಾನದಲ್ಲಿದ್ದ ಟೈ ಕಾಬ್‌ನದ್ದು .367. ಸತ್ತು 77 ವರ್ಷಗಳ ಬಳಿಕ ಆತ ಪಟ್ಟಿಯ ತುದಿಗೆ ಬಂದ. ಯಾರೂ ಬರೆದಿಡದ ಪಂದ್ಯಗಳ ಲೆಕ್ಕ ಮಾತ್ರ ಇಂದಿಗೂ ಸಿಕ್ಕಿಲ್ಲ.

ಇದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಆ ನ್ಯಾಯಕ್ಕೆ ಆಧಾರವಾದದ್ದು ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಹೆಸರು ಮತ್ತು ಅಂಕೆ. ಭಾಷಣಗಳ ಸಾರಾಂಶದಿಂದ ಯಾರಿಗೂ ಆ ಸರಾಸರಿಯನ್ನು ಲೆಕ್ಕ ಹಾಕಲು ಆಗುತ್ತಿರಲಿಲ್ಲ.

ಬರೆದಿಡುವುದು ನಮಗೆ ಹೊಸ ಪಾಠವಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಅಲ್ ಬಖರ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಮೊತ್ತ ಚಿಕ್ಕದೆಂದು ಉದಾಸೀನ ಮಾಡಬಾರದು, ಬರೆಯುವವನು ನ್ಯಾಯದಿಂದ ಬರೆಯಬೇಕು ಎಂಬುದು ಅದರ ಬೋಧನೆ. ಹದೀಸ್ ವಿದ್ವಾಂಸರು ಒಂದು ಮಾತನ್ನು ಯಾರು ಯಾರಿಂದ ಕೇಳಿದರು ಎಂಬ ಹೆಸರಿನ ಸರಪಳಿಯನ್ನೇ ಕಾಪಾಡಿದರು. ಹೆಸರಿಗೆ ಅಷ್ಟು ಬೆಲೆ ಕೊಟ್ಟ ಪರಂಪರೆಯವರು ನಾವು. ನಮ್ಮ ಮಕ್ಕಳ ಹೆಸರನ್ನು ಇತರರು ಎಂಬ ಒಂದು ಪದದಲ್ಲಿ ಮುಗಿಸಬಹುದೇ?

ಇದರಲ್ಲಿ ಇನ್ನೂ ಒಂದು ವಿಷಯವಿದೆ, ಅದನ್ನು ಮರೆಮಾಚದೆ ಹೇಳುತ್ತೇನೆ. ನಮ್ಮ ಜಿಲ್ಲೆಯ ಯುವಕರ ಪೂರ್ಣ ಹೆಸರು, ಊರು, ತಂದೆಯ ಹೆಸರು ಸಮೇತ ಪತ್ರಿಕೆಯಲ್ಲಿ ಬರುವುದು ಯಾವಾಗ? ಅಪಘಾತವಾದಾಗ, ಇಲ್ಲವೇ ಪೊಲೀಸ್ ಪ್ರಕರಣ ದಾಖಲಾದಾಗ. ಆಗ ಯಾರೂ ಒಂದಕ್ಷರ ಬಿಡುವುದಿಲ್ಲ. ಆದರೆ ನಮ್ಮೂರಿನ ಒಂದು ಕಬಡ್ಡಿ ತಂಡವನ್ನು ನೋಡಿ. ಒಬ್ಬ ಗೌಡ, ಒಬ್ಬ ಪೂಜಾರಿ, ಇಬ್ಬರು ಬ್ಯಾರಿ ಹುಡುಗರು, ಒಬ್ಬ ರೈ, ಒಬ್ಬ ನಾಯ್ಕ, ಒಬ್ಬ ಡಿಸೋಜ. ಎದುರಿನ ರೈಡರ್ ಬಂದಾಗ ಕೈ ಕೈ ಹಿಡಿದು ಸರಪಳಿ ಮಾಡಿ ನಿಲ್ಲುತ್ತಾರೆ. ಕೈ ಬಿಟ್ಟರೆ ಪಾಯಿಂಟ್ ಹೋಯಿತು. ವೇದಿಕೆಯಲ್ಲಿ ಸೌಹಾರ್ದದ ಬಗ್ಗೆ ಆಡಿದ ಮಾತು ಅಚ್ಚಾಗುತ್ತದೆ, ಅಂಕಣದಲ್ಲಿ ಸೌಹಾರ್ದವನ್ನು ಆಡಿ ತೋರಿಸಿದವರ ಹೆಸರು ಅಚ್ಚಾಗುವುದಿಲ್ಲ. ಆ ಏಳು ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆದರೆ ಸಾಕು, ಬೇರೆ ವ್ಯಾಖ್ಯಾನ ಬೇಡ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಕಾಳಜಿ ಬೇಕು. ಹತ್ತನೇ ತರಗತಿಯವರೆಗೆ ಥ್ರೋಬಾಲ್, ವಾಲಿಬಾಲ್, ಕಬಡ್ಡಿ ಆಡುವ ನಮ್ಮ ಎಷ್ಟೋ ಹುಡುಗಿಯರು ಆಮೇಲೆ ಆಟ ಬಿಡುತ್ತಾರೆ. ಫೋಟೋ ಬರುವುದು ಬೇಡ ಎನ್ನುವ ಮನೆಗಳಿದ್ದರೆ ಅವರ ಮನಸ್ಸನ್ನು ಗೌರವಿಸೋಣ. ಹೆಸರಿಗೂ ಅಂಕಕ್ಕೂ ಫೋಟೋ ಬೇಕಿಲ್ಲವಲ್ಲ. ಎಂಟು ಸರ್ವಿಸ್ ಪಾಯಿಂಟ್ ಗಳಿಸಿದಳು ಎಂಬ ಒಂದು ಸಾಲು ಮನೆಯ ಕಪಾಟಿನಲ್ಲಿ ಉಳಿದರೆ, ನಾಳೆ ಅವಳ ಮಗಳು ಆಡಬೇಕೆಂದಾಗ ಅದೇ ಮಾತಾಡುತ್ತದೆ.

ಹಾಗಾದರೆ ನಾವೇನು ಮಾಡಬೇಕು? ಮೊದಲ ಕನ್ನಡ ಪತ್ರಿಕೆ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ತಂದರು. ಇಂತಹ ಜಿಲ್ಲೆಯ ವಿದ್ಯಾರ್ಥಿಗಳಿಗೆ ಒಂದು ಪುಟ ವರದಿ ಬರೆಯುವುದು ಅಸಾಧ್ಯವೇನಲ್ಲ. ನನ್ನ ಸೂಚನೆಗಳು ಸರಳ.

ಪ್ರತಿ ಪಂದ್ಯಾಟದಲ್ಲಿ ಅಂಕ ಬರೆಯುವವರು ಇದ್ದೇ ಇರುತ್ತಾರೆ. ಅವರ ಪಕ್ಕದಲ್ಲಿ ನಮ್ಮ ಇಬ್ಬರು ವಿದ್ಯಾರ್ಥಿಗಳು ನೋಟ್ ಪುಸ್ತಕ ಹಿಡಿದು ಕೂರಲಿ. ಕೊನೆಯ ಅಂಕ, ವಿರಾಮದ ಅಂಕ, ಆಲೌಟ್ ಎಷ್ಟು, ಹೆಚ್ಚು ರೈಡ್ ಪಾಯಿಂಟ್ ಯಾರದು, ಹೆಚ್ಚು ಹಿಡಿತ ಯಾರದು, ಪಂದ್ಯ ತಿರುಗಿದ್ದು ಎಲ್ಲಿ, ಇಷ್ಟನ್ನು ಬರೆದುಕೊಳ್ಳಲಿ. ಎರಡೂ ತಂಡದ ಎಲ್ಲ ಆಟಗಾರರ ಹೆಸರು, ಊರು ಸರಿಯಾಗಿ ಕೇಳಿ ಬರೆಯಲಿ. ಸೋತ ತಂಡದ್ದೂ ಬೇಕು. ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದು ವರದಿಗಾರರ ಕೈ ಸೇರಲಿ. ಮೊದಲ ಪ್ಯಾರಾದಲ್ಲಿ ಆಟ, ಕೊನೆಯ ಪ್ಯಾರಾದಲ್ಲಿ ಗಣ್ಯರು. ಜಾಗ ಕಡಿಮೆಯಾದಾಗ ಸಂಪಾದಕರು ಸಾಮಾನ್ಯವಾಗಿ ಕೆಳಗಿನಿಂದ ಕತ್ತರಿಸುತ್ತಾರೆ ಎಂಬುದನ್ನು ಮರೆಯಬೇಡಿ.

ಪತ್ರಿಕೆ ಹಾಕದಿದ್ದರೂ ಚಿಂತೆಯಿಲ್ಲ. ಒಂದು ಪ್ರತಿ ನಮ್ಮ ಸಂಘದ ಕಡತದಲ್ಲಿ ಇರಲಿ. ವರ್ಷದ ಕೊನೆಗೆ ಈ ವಾರ್ಷಿಕ ಸಂಚಿಕೆಯಲ್ಲೇ ಎರಡು ಪುಟ ಅದಕ್ಕೆ ಮೀಸಲಿಡೋಣ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಗಳಿಸಿದವರ ಪಟ್ಟಿ ಹಾಕುತ್ತೇವಲ್ಲ, ಅದರ ಪಕ್ಕದ ಪುಟದಲ್ಲಿ ಇದೂ ಇರಲಿ. ಹತ್ತು ವರ್ಷ ಹೀಗೆ ಮಾಡಿದರೆ ಮೂರು ತಾಲೂಕುಗಳ ಕ್ರೀಡಾ ಇತಿಹಾಸವೇ ಕೈಯಲ್ಲಿರುತ್ತದೆ. ಬರೆಯುವುದನ್ನು ಕಲಿತ ಮಕ್ಕಳಲ್ಲಿ ನಾಲ್ವರಾದರೂ ನಾಳೆ ಪತ್ರಕರ್ತರಾಗಿ ಅದೇ ಪತ್ರಿಕೆಗಳ ಮೇಜಿನಲ್ಲಿ ಕೂರುತ್ತಾರೆ. ಹೊರಗಿನಿಂದ ಗೊಣಗುವುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆ.

ಪಂದ್ಯಾಟ ಸಂಘಟಿಸುವ ಹಿರಿಯರಲ್ಲಿ ಒಂದೇ ವಿನಂತಿ. ನಿಮ್ಮ ದೇಣಿಗೆ ಇಲ್ಲದೆ ದೀಪ ಉರಿಯುವುದಿಲ್ಲ, ನಿಜ. ಆದರೆ ಜನ ಬಂದದ್ದು ದೀಪ ನೋಡಲು ಅಲ್ಲ, ದೀಪದ ಕೆಳಗೆ ಆಡುವವರನ್ನು ನೋಡಲು. ಮುಂದಿನ ಪ್ರಕಟಣೆ ಬರೆಯುವಾಗ ನಿಮ್ಮ ಹೆಸರಿಗಿಂತ ಮೇಲೆ ಅವರ ಹೆಸರು ಬರೆಯಿರಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ವಿದ್ಯೆಯನ್ನೂ, ನ್ಯಾಯದಿಂದ ಬರೆಯುವ ಲೇಖನಿಯನ್ನೂ ಅನುಗ್ರಹಿಸಲಿ. ಆಮೀನ್. ವಸ್ಸಲಾಂ.